ಕಣಿವೆಯ ಮಣ್ಣಿಗೆ ಬಂದ ಸೊನ್ನೆ

ಮನೆಯಲ್ಲಿ ಮಾವ, ಲ್ಯಾಬಿನಲ್ಲಿ ಸರ್. ಎರಡೂ ಕಡೆ ಅದೇ ಮನುಷ್ಯನ ಜೊತೆ ಏಗುವುದು ಸೊಸೆಗೆ ಆರು ವರ್ಷದ ಅಭ್ಯಾಸ. ಆದರೆ ಇವತ್ತು ಅವರ ಮುಖ ನೋಡುವುದಕ್ಕೇ ಅವಳಿಗೆ ಆಗುತ್ತಿಲ್ಲ.

ಮಾವ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಚಿಕ್ಕ ಹುಡುಗನ ಹಾಗೆ ನಗುತ್ತಿದ್ದರು. "ಸೊನ್ನೆ ಕಣಮ್ಮಾ! ಒಂದೇ ಒಂದು ಸುಣ್ಣದ ಚಿಪ್ಪಿಲ್ಲ!"

ಖುಷಿಗೆ ಕಾರಣವಿತ್ತು. ಸಮುದ್ರದ ಮೇಲ್ಗಡೆ ಬದುಕುವ ಧೂಳಿನಷ್ಟು ಚಿಕ್ಕ ಜೀವಿಗಳು ಸತ್ತರೆ ಅವುಗಳ ಚಿಪ್ಪುಗಳು ತಳಕ್ಕೆ ಬೀಳುತ್ತವೆ. ತಳದ ನೀರು ತಣ್ಣಗೆ, ಹುಳಿಯಾಗಿದ್ದರೆ ಸುಣ್ಣದವು ಕರಗಿಹೋಗುತ್ತವೆ, ಗಾಜಿನಂಥವು ಉಳಿಯುತ್ತವೆ. ಅಂಥ ನೀರು ಒಂದು ಕಾಲಕ್ಕೆ ಸಮುದ್ರದ ತಳದ ಈ ಕಣಿವೆಗೂ ಬಂದಿತ್ತು ಅಂತ ಮಾವ ಇಪ್ಪತ್ತು ವರ್ಷದಿಂದ ಬಡಕೊಳ್ಳುತ್ತಿದ್ದರು. ಯಾರೂ ಕ್ಯಾರೇ ಅಂದಿರಲಿಲ್ಲ. ಮುಂದಿನ ತಿಂಗಳು ನಿವೃತ್ತಿ. ಇದೇ ಅವರ ಕೊನೆಯ ಲೇಖನ.

ಅಯ್ಯೋ, ಆ ಸೊನ್ನೆ ಸಮುದ್ರದ್ದಲ್ಲ, ಅವಳದ್ದು! ಕಣಿವೆಯ ತಳದಿಂದ ತೆಗೆದ ಮಣ್ಣನ್ನು ಪ್ರತಿ ಸಲವೂ ಎರಡು ಬೀಕರಿಗೆ ಹಂಚಿ ಹಾಕಬೇಕು. ಗಾಜಿನ ಚಿಪ್ಪು ಎಣಿಸುವುದಕ್ಕೆ ಸುಣ್ಣ ಕರಗಿಸುವ ಆಸಿಡ್, ಸುಣ್ಣದ್ದಕ್ಕೆ ಬರೀ ನೀರು. ಸೋಮವಾರ ಫೋನಿನಲ್ಲಿ ಮಗಳಿಗೆ ಮಗ್ಗಿ ಹೇಳಿಕೊಡುತ್ತಾ ಎರಡಕ್ಕೂ ಆಸಿಡ್ ಸುರಿದಿದ್ದಳು. ಎರಡರಲ್ಲೂ ಬುಸ್ಸನೆ ನೊರೆ ಉಕ್ಕಿತ್ತು. ಸುಣ್ಣ ಇಲ್ಲದೆ ನೊರೆ ಎಲ್ಲಿಂದ ಬರಬೇಕು? ಆಗ ಹೊಳೆದಿರಲಿಲ್ಲ. ಈಗ ಹೊಳೆದಿದೆ.

ಸುಮ್ಮನಿದ್ದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಮಾವ ನಗುನಗುತ್ತಾ ಮನೆ ಸೇರುತ್ತಾರೆ. ಆ ನಗುವನ್ನು ಕಿತ್ತುಕೊಳ್ಳುವುದಕ್ಕೆ ಅವಳಿಗೆ ಮನಸ್ಸೇ ಇರಲಿಲ್ಲ.

"ಮಾವ," ಎಂದಳು. ಲ್ಯಾಬಿನಲ್ಲಿ ಹಾಗೆ ಕರೆದದ್ದು ಅದೇ ಮೊದಲು. ಎಲ್ಲವನ್ನೂ ಹೇಳಿಬಿಟ್ಟಳು.

ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಫ್ರಿಜ್ಜಿನಲ್ಲಿ ಉಳಿದಿದ್ದ ಮಣ್ಣು ತೆಗೆದು, ತಾವೇ ನಲ್ಲಿ ಕೆಳಗೆ ಜರಡಿ ಹಿಡಿದು ತೊಳೆದು, ಒಣಗಿಸಿದರು. ಸಂಜೆಯ ಹೊತ್ತಿಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಸುಣ್ಣದ ಚಿಪ್ಪೋ ಚಿಪ್ಪು! ತೆಳ್ಳನೆಯವು ಕೂಡ ಒಂಚೂರೂ ಸವೆದಿರಲಿಲ್ಲ. ಹುಳಿ ನೀರು ಆ ಕಣಿವೆಗೆ ಕಾಲಿಟ್ಟೇ ಇರಲಿಲ್ಲ.

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಗೆದ್ದೆ ಅಂದ್ಕೊಂಡೇ ಮನೆಗೆ ಹೋಗ್ತಿದ್ದೆ," ಎಂದರು ಮಾವ. ದನಿ ಇಳಿದುಹೋಗಿತ್ತು.

ಅವಳಿಗೆ ಅಳು ತಡೆಯಲಾಗಲಿಲ್ಲ. "ತಪ್ಪಾಯ್ತು ಮಾವ."

"ಆಸಿಡ್ ಸುರಿದಿದ್ದು ತಪ್ಪು. ಹೇಳಿದ್ದಲ್ಲ."

ಲೇಖನ ತೆರೆದು ಇಪ್ಪತ್ತು ವರ್ಷದ ವಾದವನ್ನು ಒಂದೊಂದೇ ಸಾಲು ಅಳಿಸಿದರು. ಕಣಿವೆಯ ವಿಷಯದಲ್ಲಿ ನನ್ನ ಊಹೆ ತಪ್ಪಾಗಿತ್ತು ಎಂದು ಬರೆದರು. ಆಮೇಲೆ ಮೊದಲ ಪುಟಕ್ಕೆ ಹೋಗಿ, ಲೇಖಕರ ಜಾಗದಲ್ಲಿ ತಮ್ಮ ಹೆಸರಿಗಿಂತ ಮೊದಲು ಸೊಸೆಯ ಹೆಸರು ಹಾಕಿದರು.