ಆರು ಸಂಸಾರಕ್ಕೆ ಒಂದೇ ಮೀಟರ್

ಕುಮಾಸಿ ನಗರದಲ್ಲಿ ನಾನು ಬೆಳೆದ ವಠಾರದಲ್ಲಿ ಆರು ಸಂಸಾರಗಳಿದ್ದವು, ಕರೆಂಟಿನ ಮೀಟರ್ ಮಾತ್ರ ಒಂದೇ. ಒಡತಿ ಪೊಕುವಾ ಅಜ್ಜಿ ತಿಂಗಳಿಗೊಮ್ಮೆ ಕೋಣೆ ಕೋಣೆಗೂ ನುಗ್ಗಿ ಬಲ್ಬು ಎಣಿಸಿ ಬಿಲ್ ಹಂಚುತ್ತಿದ್ದಳು. ಬಲ್ಬಿಗೆ ಒಂದು ಪಾಲು, ಫ್ರಿಜ್ಜಿಗೆ ನಾಲ್ಕು. ಯಾರದೋ ಮಂಚದಡಿ ಬಚ್ಚಿಟ್ಟ ಇಸ್ತ್ರಿಪೆಟ್ಟಿಗೆ ಸಿಕ್ಕಿದರಂತೂ ಅಂಗಳವೆಲ್ಲ ನಗು. ಭಾನುವಾರ ಎಲ್ಲರೂ ಸೇರಿ ಬೇಯಿಸಿದ ಮರಗೆಣಸು, ಬಾಳೆಕಾಯಿ ಒರಳಿಗೆ ಹಾಕಿ ಫುಫು ಮುದ್ದೆ ಕುಟ್ಟುತ್ತಿದ್ದೆವು. ಎಂಥ ದಿನಗಳವು! ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಆಮೇಲೆ ಸರ್ಕಾರ ದರ ಬದಲಿಸಿತು. ಕಡಿಮೆ ಉರಿಸುವವರಿಗೆ ಯೂನಿಟ್ಟಿಗೆ ಕಡಿಮೆ ದರ, ಹೆಚ್ಚು ಉರಿಸುವವರಿಗೆ ಹೆಚ್ಚು. ಬಡವರು ಬದುಕಿಕೊಂಡೆವು ಎಂದು ನಾವೆಲ್ಲ ಹಿಗ್ಗಿದೆವು. ಬಿಲ್ ನೋಡಿದರೆ ಏರಿತ್ತು!

ಗಂಡನಿಲ್ಲದ ಕೊನಾಡು ಅಕ್ಕ ಹಳೆಯ ಫ್ರಿಜ್ಜಿಟ್ಟುಕೊಂಡು ಬಸ್ ನಿಲ್ದಾಣದಲ್ಲಿ ತಣ್ಣೀರು ಮಾರುತ್ತಿದ್ದಳು. ಮೂರನೇ ತಿಂಗಳಿಗೆ ಅವಳು ಗಂಟು ಕಟ್ಟಿದಳು.

"ಊರಿಗೆ ಹೋಗ್ತೀನಜ್ಜಿ. ಈ ಪಾಲು ಕಟ್ಟೋಕೆ ನನ್ ಕೈಲಾಗಲ್ಲ."

ಮೂಲೆ ಕೋಣೆಯ ಅಬ್ರಾಫಿ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತೆ. ಅವಳು ಅಡ್ಡ ಬಂದಳು.

"ಅಜ್ಜಿ, ಆರು ಮನೆ ಯೂನಿಟ್ಟೂ ಒಂದೇ ಮೀಟರಲ್ಲಿ ಸೇರ್ತಿದೆ. ಇಲ್ಲಿ ಆರು ಬಡ ಸಂಸಾರ ಇದೆ ಅಂತ ನಮ್ಮ ಆಫೀಸಿಗೆ ಗೊತ್ತಾಗಲ್ಲ. ಯಾರೋ ದೊಡ್ಡ ಸಾಹುಕಾರ ಅನ್ಕೊಳ್ತಾರೆ. ಗುಡ್ಡದ ಮೇಲಿನ ಏಸಿ ಬಂಗಲೆ ದರಾನೇ ಕೊನಾಡು ಅಕ್ಕಂಗೂ ಬೀಳ್ತಿದೆ. ಮನೆಗೊಂದು ಮೀಟರ್ ಹಾಕಿಸಿ. ಅರ್ಜಿಗೆ ಒಡತಿ ಸಹಿ ಬೇಕು, ಅಷ್ಟೆ."

"ಹಾಕ್ಸು ಹಾಕ್ಸು! ಇವತ್ತು ಮೀಟರ್ ಬೇರೆ, ನಾಳೆ ಅಂಗಳಕ್ಕೆ ಗೋಡೆ. ಯಜಮಾನ್ರು ಇದ್ದಾಗಿಂದ ಒಂದೇ ಮೀಟರು ಕಣೇ."

"ಮೀಟರ್ ಒಂದೇ ಇರುತ್ತೆ, ಸರಿ. ಮನೇಲಿ ಜನ ಬೇಡ್ವಾ?"

ಅಜ್ಜಿ ಕೊನಾಡು ಅಕ್ಕನ ಗಂಟನ್ನೇ ನೋಡುತ್ತ ನಿಂತಳು. ಕೊನೆಗೆ ಒಳಗಿನಿಂದ ಮನೆಯ ಪತ್ರ ತಂದಳು.

"ಒಡತಿ ಸಹಿ ಬೇಕಂತಲ್ಲ, ಎಲ್ಲಿ ಹಾಕ್ಲಿ ತೋರ್ಸು. ಏ ಕೊನಾಡು, ಗಂಟು ಬಿಚ್ಚೇ! ದೊಡ್ಡದಾಗಿ ಹೊರಟುಬಿಟ್ಲು."

ಗೋಡೆಯ ಮೇಲೆ ಆರು ಮೀಟರ್ ಬರಲು ಐದು ತಿಂಗಳು ಹಿಡಿಯಿತು. ಅಬ್ರಾಫಿ ಕಚೇರಿಗೆ ಎಷ್ಟು ಸಲ ಅಲೆದಳೋ. ಹೆಚ್ಚು ಉರಿಸುತ್ತಿದ್ದ ಒಂದು ಮನೆ ಬಿಟ್ಟು ಉಳಿದ ಐದು ಮನೆಗಳು ಕಡಿಮೆ ದರಕ್ಕೆ ಬಂದವು, ಕೊನಾಡು ಅಕ್ಕನದೂ ಸೇರಿ. ಅಜ್ಜಿ ತೀರಿಕೊಂಡ ದಿನ ಅವಳ ಬಾಯಿಗೆ ನೀರು ಬಿಟ್ಟವಳು ಕೊನಾಡು ಅಕ್ಕನೇ.

ನಿಮ್ಮ ವಠಾರದಲ್ಲೂ ಹತ್ತಾರು ಜನರಿಗೆ ಒಂದೇ ಮೀಟರೇ? ಒಡೆಯರನ್ನು ಕೂರಿಸಿಕೊಂಡು ಮಾತಾಡಿ, ವಿದ್ಯುತ್ ಕಚೇರಿಗೆ ಹೋಗಿ ವಿಚಾರಿಸಿ. ಬಡವರಿಗೆಂದು ಇಟ್ಟ ದರ ತಾನಾಗಿ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಪಕ್ಕದ ಮನೆಯವಳು ಗಂಟು ಕಟ್ಟುವ ಮೊದಲೇ ಹೋಗಿ.