ರುದ್ರ ಕಟ್ಟಿದ ಬುತ್ತಿ

ಬರೆದಿಟ್ಟುಕೊಳ್ಳಿ. ಜಗಳೂರಿನಿಂದ ಹಿಡಿದು ಹೊನ್ನಾಳಿ ಹೊಳೆದಂಡೆಯವರೆಗೆ ಹುಡುಕಿದರೂ, ಊಟ ಮುಟ್ಟದ ಆರು ವರ್ಷದ ಹುಡುಗಿಯ ಬುತ್ತಿ ಡಬ್ಬಿಯನ್ನು ಶಾಲೆಯ ಹನ್ನೊಂದೇ ದಿನದಲ್ಲಿ ಖಾಲಿ ಮಾಡಿಸಿದ ಗಂಡಸು ನಿಮಗೆ ಒಬ್ಬನೇ ಸಿಗುತ್ತಾನೆ. ಹೆಸರು ತಿಪ್ಪೇರುದ್ರಸ್ವಾಮಿ, ವಯಸ್ಸು ಹದಿನಾರು. ಆ ವರ್ಷ, ಎಂಬತ್ತೊಂದರಲ್ಲಿ, ಎಸ್ಸೆಸ್ಸೆಲ್ಸಿಯ ಗಣಿತ, ಇಂಗ್ಲಿಷು ಎರಡರಲ್ಲೂ ಡುಮ್ಕಿ ಹೊಡೆದಿದ್ದ ಎಂಬುದು ಬೇರೆ ಮಾತು. ಇಂಥ ಕೆಲಸಕ್ಕೆ ಗಣಿತ ಬೇಕಿಲ್ಲ, ಗುಂಡಿಗೆ ಬೇಕು. ಅನುಮಾನವಿದ್ದರೆ ಟೆಂಟ್ ಸಿನಿಮಾದ ಗೇಟಿನವನನ್ನು ಕೇಳಿ. ಒಂದೇ ಪಿಕ್ಚರನ್ನು ಹದಿನಾಲ್ಕು ಸಲ ನೋಡಿ, ಹದಿನೈದನೇ ಸಲ ತೆರೆಯ ಮೇಲಿನ ಹೀರೋಗಿಂತ ಮೊದಲೇ ಡೈಲಾಗು ಹೇಳಿ, ಕತ್ತಿನಪಟ್ಟಿ ಹಿಡಿಸಿಕೊಂಡು ಹೊರಬಿದ್ದ ವೀರ ಅವನು.

ಅಂಥ ವೀರ ಈಗ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಂಗಿ ಕಸ್ತೂರಿ ಶಾಲೆಯಿಂದ ವಾಪಸ್ ತಂದ ದುಂಡನೆಯ ಸ್ಟೀಲ್ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಲೊಟಕ್ ಎಂದಿತು. ಹೊಸ್ತಿಲಿಗೆ ಎರಡು ಕುಟ್ಟು ಕುಟ್ಟಿ ಮುಚ್ಚಳ ಕಿತ್ತ. ಜೋಳದ ರೊಟ್ಟಿ ಬೆಳಿಗ್ಗೆ ಹೇಗೆ ಮಡಚಿಟ್ಟಿದ್ದನೋ ಹಾಗೇ ಇತ್ತು. ಚಟ್ನಿಗೆ ಬೆರಳೂ ಸೋಕಿರಲಿಲ್ಲ.

"ಇವತ್ತೂ ತಿಂದಿಲ್ವೇನೇ?"

"ಹಸಿವಿರ್ಲಿಲ್ಲ."

ಹಸಿವಿಲ್ಲದ ಹುಡುಗಿ ನಿಂತಲ್ಲೇ ಆ ತಣ್ಣನೆಯ ರೊಟ್ಟಿಯನ್ನು ಚಟ್ನಿ ಸಮೇತ ಖಾಲಿ ಮಾಡಿ, "ಇನ್ನೊಂದೈತಾ ಅಣ್ಣಾ?" ಎಂದಳು. ರುದ್ರನಿಗೆ ತಲೆ ಕೆಟ್ಟಿತು.

ಅವ್ವ ಸಿದ್ದಲಿಂಗಮ್ಮ ಹೊನ್ನಾಳಿಗೆ ಹೋಗಿ ಒಂದು ವಾರವಾಗಿತ್ತು. ಅಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಹೋಗುವಾಗ ಅವ್ವ ದಾರಿಗೆಂದು ಚಪಾತಿ ತುಂಬಿಕೊಂಡದ್ದು ಕಸ್ತೂರಿಯ ಹಳೆಯ ಅಲ್ಯುಮಿನಿಯಂ ಡಬ್ಬಿಯಲ್ಲಿ. ಹಾಗಾಗಿ ನಾಗಂದಿಗೆಯ ಮೇಲಿದ್ದ ಸ್ಟೀಲ್ ಡಬ್ಬಿ ಕೆಳಗಿಳಿಯಿತು. ಅದು ಗಿರಣಿ ಪೂಜೆಗೆ ನ್ಯಾಮತಿಯ ಅತ್ತೆ ಕೊಟ್ಟ ಉಡುಗೊರೆ. ಮುಚ್ಚಳದ ಮೇಲೆ ಅತ್ತೆಯ ಹೆಸರು ಕೊರೆಸಿತ್ತು. ಮನೆ ಊರಾಚೆಯ ಹಿಟ್ಟಿನ ಗಿರಣಿಯ ಹಿಂದೆ, ಶಾಲೆ ಊರಿನ ಇನ್ನೊಂದು ತುದಿಗೆ. ಮಧ್ಯಾಹ್ನ ಉಣ್ಣಲು ಮನೆಗೆ ಬಂದು ಹೋಗುವ ಮಾತೇ ಇಲ್ಲ. ಬುತ್ತಿ ಕಟ್ಟುವ ಕೆಲಸ, ಮನೆಯಲ್ಲಿ ಖಾಲಿ ಕೂತಿದ್ದ ರುದ್ರನ ತಲೆಗೆ ಬಿತ್ತು.

ಅಪ್ಪ ನಾಗೇಂದ್ರಪ್ಪ ಗಿರಣಿಯಿಂದ ಬಂದ. ರೆಪ್ಪೆಗೂದಲೆಲ್ಲ ಹಿಟ್ಟಾಗಿ ಬೆಳ್ಳಗಿದ್ದವು. ಡಬ್ಬಿ ನೋಡಿದ, ಮಗಳ ಮುಖ ನೋಡಿದ.

"ಒಂದು ವಾರದಾಗೆ ಮಗೀನ ಕೆನ್ನೆ ಒಳಕ್ಕೆ ಹೋಗೈತೆ. ನೋಡಲೇ, ಮುಂದಿನ ಸೋಮವಾರದವರೆಗೆ ಸುಮ್ನಿರ್ತೀನಿ. ಆವತ್ತೂ ಡಬ್ಬಿ ಹಿಂಗೇ ಬಂತೋ, ಕರ್ಕೊಂಡು ಹೋಗಿ ನ್ಯಾಮತಿ ಅಕ್ಕನ ಮನೇಲಿ ಬಿಟ್ಟು ಬರ್ತೀನಿ. ಈ ವರ್ಷ ಪೂರ್ತಿ ಅಲ್ಲೇ ಶಾಲೆಗೆ ಹೋಗ್ಲಿ."

ರುದ್ರ ಎದೆಯುಬ್ಬಿಸಿದ. "ಅಪ್ಪಾ! ಈ ರುದ್ರನ ಮೈಯಲ್ಲಿ ಕೊನೇ ಹನಿ ರಕ್ತ ಇರೋವರೆಗೂ..."

"ರಕ್ತ ಯಾರಿಗೆ ಬೇಕಾಗೈತಲೇ? ಮಗು ತಿನ್ನಂಥ ಅಡಿಗೆ ಮಾಡು. ಎಸ್ಸೆಸ್ಸೆಲ್ಸೀಲಂತೂ ಆತು, ಡಬ್ಬೀಲೂ ಫೇಲಾಗ್ಬೇಡ."

ಫೇಲಾಗುವುದು ರುದ್ರನಿಗೆ ಹೊಸದೇನಲ್ಲ. ಆದರೆ ಕಸ್ತೂರಿ ಹೋದರೆ? ಸಂಜೆ ಗಿರಣಿಯ ಚೀಲಗಳ ಮೇಲೆ ಹತ್ತಿ, ಟವೆಲನ್ನು ಹೆಗಲಿಗೆ ಎಸೆದು ಅವನು ಪಿಕ್ಚರು ಶುರು ಮಾಡಿದರೆ, ಗೆಳೆಯರು ಹೀರೋಯಿನ್ನು ಬರುವ ಮೊದಲೇ "ಸಾಕು ಇಳಿಯಲೇ" ಎನ್ನುತ್ತಿದ್ದರು. ಶುಭಂ ಬರುವವರೆಗೆ ಬಾಯಿ ತೆರೆದು ಕೂರುತ್ತಿದ್ದವಳು ಕಸ್ತೂರಿ ಒಬ್ಬಳೇ. ಶುಭಂ ಆದ ಮೇಲೂ "ಆಮೇಲೇನಾತಣ್ಣಾ?" ಎಂದು ಕೇಳುತ್ತಿದ್ದಳು. ಅವಳಿಲ್ಲದ ಮನೆಯಲ್ಲಿ ಡೈಲಾಗು ಯಾರಿಗೆ ಹೇಳುವುದು, ಒಳಕಲ್ಲಿಗೇ?

ಮರುದಿನದಿಂದ ತನಿಖೆ ಶುರುವಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಡಬ್ಬಿ ತುಂಬಿ ಬಂದ ದಿನಕ್ಕೆ ಇದ್ದಿಲಿಂದ ಕಪ್ಪು ಚುಕ್ಕೆ, ಖಾಲಿ ಬಂದರೆ ಕುಂಕುಮದ ಬೊಟ್ಟು ಎಂದು ತೀರ್ಮಾನಿಸಿದ. ಹೋದ ವಾರದ ಐದು ದಿನ, ಈ ಸೋಮವಾರ, ಒಟ್ಟು ಆರು ಕಪ್ಪು ಚುಕ್ಕೆ ಆಗಲೇ ಬಿದ್ದಿದ್ದವು.

ಮಂಗಳವಾರ ಎದ್ದಾಗ ಹೊತ್ತಾಗಿತ್ತು. ಹಿಂದಿನ ದಿನದ ತಂಗಳು ರೊಟ್ಟಿಗೆ ಗುರೆಳ್ಳು ಪುಡಿ ಉದುರಿಸಿ ಎಣ್ಣೆ ಬಿಟ್ಟು ಕಳಿಸಿದ. ಡಬ್ಬಿ ಖಾಲಿ ಬಂತು! ರುದ್ರ ತೊಡೆ ತಟ್ಟಿದ. "ಸಿಕ್ಕಿಬಿತ್ತು ಗುಟ್ಟು! ಗುರೆಳ್ಳು ಪುಡಿ!" ಬುಧವಾರ ಕೋಳಿ ಕೂಗುವಾಗಲೇ ಎದ್ದು, ಹಂಚಿನಿಂದ ಇಳಿಸಿದ ರೊಟ್ಟಿಗೆ ಅದೇ ಪುಡಿ, ಮೇಲೆ ತುಪ್ಪ ಬೇರೆ ಹಾಕಿ, ಆರಿದರೆ ರುಚಿ ಕೆಡುತ್ತದೆಂದು ಮುಚ್ಚಳವನ್ನು ಗುದ್ದಿ ಗುದ್ದಿ ಬಿಗಿದು ಕಳಿಸಿದ. ತುಂಬಿದ ಡಬ್ಬಿ ತುಂಬಿದ ಹಾಗೇ ಬಂತು.

ಗುರುವಾರ ಮಂಡಕ್ಕಿ ಒಗ್ಗರಣೆ. ಬಾಣಲೆ ಇಳಿಸಿಟ್ಟು ನೀರಿಗೆ ಹೋದರೆ ನಲ್ಲಿಯ ಮುಂದೆ ಇಪ್ಪತ್ತು ಕೊಡಗಳ ಸಾಲು. ಬಂದವನು ಆರಿ ಮೆತ್ತಗಾದದ್ದನ್ನೇ ತುಂಬಿದ. ಖಾಲಿ! ಶುಕ್ರವಾರ ಅದೇ ಮಂಡಕ್ಕಿ, ಅದೇ ಈರುಳ್ಳಿ, ಅದೇ ಕರಿಬೇವು, ಬಾಣಲೆಯಿಂದ ಹೊಗೆಯಾಡುತ್ತ ನೇರ ಡಬ್ಬಿಗೆ. ಸಂಜೆ ಒಂದು ಕಾಳೂ ಕಮ್ಮಿಯಾಗದೆ ವಾಪಸ್ಸು.

"ಏನೇ ನಿನ್ನ ಕತೆ? ತಂಗಳು ಕೊಟ್ರೆ ನೆಕ್ಕಿ ತರ್ತೀಯ, ಬಿಸಿಬಿಸಿ ಕೊಟ್ರೆ ಹಂಗೇ ತರ್ತೀಯ! ಸನ್ಯಾಸಿ ಆಗಾಕೆ ಹೊಂಟೀಯೇನು?"

ಕಸ್ತೂರಿ ಗೋಡೆಯ ಹತ್ತಿರ ಹೋದಳು. ಕ್ಯಾಲೆಂಡರಿನ ಚುಕ್ಕೆಗಳನ್ನು ಬೆರಳಿಂದ ಮುಟ್ಟುತ್ತ, "ಅವ್ವ ಬರಾಕೆ ಇನ್ನೂ ಎಷ್ಟು ದಿನ ಐತಣ್ಣಾ?" ಎಂದಳು.

ಶನಿವಾರ ಅರ್ಧ ದಿನದ ಶಾಲೆ, ಬುತ್ತಿಯಿಲ್ಲ. ಸೋಮವಾರ ಬಂತು. ಅಪ್ಪ ಹೇಳಿದ್ದ ಗಡುವು. ರುದ್ರ ಶೇಂಗಾ ಹುರಿದು ಕುಟ್ಟಿ, ಬೆಲ್ಲ ಬೆರೆಸಿ, ಬಿಸಿ ಚಪಾತಿಗೆ ತುಪ್ಪ ಸವರಿ, ಒಳಗೆ ತುಂಬಿ ಸುರುಳಿ ಸುತ್ತಿದ. ಮುಚ್ಚಳ ಗುದ್ದಿದ. ಕಳಿಸಿದ. ಆದರೆ ಮನಸ್ಸು ನಿಲ್ಲಲಿಲ್ಲ. ಈ ಹುಡುಗಿ ಮಧ್ಯಾಹ್ನ ಮಾಡುವುದಾದರೂ ಏನು? ಊಟದ ಗಂಟೆಗೆ ಸರಿಯಾಗಿ ಶಾಲೆಯ ಗೇಟಿಗೆ ಹೋಗಿ, ಹುರಿದ ಶೇಂಗಾ ಮಾರುವ ತಾಜ್‌ಬೀಯ ಬುಟ್ಟಿಯ ಹಿಂದೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತ.

"ಏನೋ ರುದ್ರಾ, ಹಲ್ಲುನೋವಾ?"

"ಶ್! ಮಾರುವೇಷ, ತಾಜಕ್ಕ."

"ಆಹಾ, ಮಾರುವೇಷ! ನಿಮ್ಮಪ್ಪನ ಹಿಟ್ಟಿನ ಟವೆಲ್ಲು ಊರಿಗೇ ಗೊತ್ತೈತೆ. ಸರಿ ಅತ್ಲಾಗೆ, ಗಿರಾಕಿ ಬರ್ತಾವೆ."

ಬೇವಿನ ಮರದ ಕೆಳಗೆ ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದವು. ಕಸ್ತೂರಿ ಎಲ್ಲರಿಂದ ಸ್ವಲ್ಪ ಆಚೆ, ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಡಬ್ಬಿಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿ ಮುಚ್ಚಳದ ಅಂಚಿಗೆ ಉಗುರು ಹಾಕಿದಳು. ಲಂಗದ ತುದಿ ಸುತ್ತಿ ತಿರುವಿದಳು. ಹಲ್ಲು ಹಚ್ಚಿದಳು. ಮುಖ ಕೆಂಪಗಾಯಿತು. ಆಮೇಲೆ ಆಚೀಚೆ ನೋಡಿ, ಊಟವಾದವರ ಹಾಗೆ ಬಾಯಿ ಒರೆಸಿಕೊಂಡು, ಡಬ್ಬಿಯನ್ನು ಚೀಲಕ್ಕಿಡಲು ಹೊರಟಳು.

"ಎರಡು ವಾರದಿಂದ ಹೆಚ್ಚುಕಮ್ಮಿ ಇದೇ ಕತೆ," ಎಂದಳು ತಾಜ್‌ಬೀ. "ಬಿಸೀದು ಹಾಕಿ ಬಿಗಿದ್ರೆ, ಆರಿದ ಮೇಲೆ ಮುಚ್ಚಳ ಕಚ್ಕೊಳ್ತೈತೆ. ಇಷ್ಟೂ ತಿಳಿಯಲ್ವೇನೋ ನಿಂಗೆ?"

ಅಷ್ಟೇ. ರಹಸ್ಯ ಬಯಲಾಯಿತು. ಆ ಸಂಜೆ ಡಬ್ಬಿ ಖಾಲಿ ಬಂತು. ಮರುದಿನದಿಂದ ರುದ್ರ ಬುತ್ತಿಯನ್ನು ಮೊರದಲ್ಲಿ ಹರಡಿ ತಣ್ಣಗಾಗಿಸಿ, ಮುಚ್ಚಳವನ್ನು ಗುದ್ದದೆ ಸುಮ್ಮನೆ ಕೂರಿಸಿ, ಅರಿವೆಯಲ್ಲಿ ಸಡಿಲವಾಗಿ ಗಂಟು ಹಾಕಿ ಕಳಿಸತೊಡಗಿದ. ಕ್ಯಾಲೆಂಡರಿನಲ್ಲಿ ಬೊಟ್ಟಿನ ಮೇಲೆ ಬೊಟ್ಟು. ಅಪ್ಪ "ಹೋಗ್ಲಿ, ಇದ್ರಾಗಾದ್ರೂ ಪಾಸಾದ್ಯಲ್ಲ" ಎಂದ. ನ್ಯಾಮತಿಯ ಮಾತು ಮತ್ತೆ ಏಳಲಿಲ್ಲ. ಗಿರಣಿಗೆ ಜೋಳ ತಂದವರೆಲ್ಲ ಸರದಿ ಬರುವವರೆಗೆ, ಮಾರುವೇಷದ ಪತ್ತೇದಾರ ಮುಚ್ಚಳದ ಗುಟ್ಟು ಭೇದಿಸಿದ ಕಥೆಯನ್ನು ಅಭಿನಯದ ಸಮೇತ ಕೇಳಲೇಬೇಕಾಯಿತು.

ಕಥೆ ಇಲ್ಲಿಗೇ ನಿಂತರೆ ರುದ್ರನ ಮರ್ಯಾದೆ ಉಳಿಯುತ್ತದೆ. ಅವನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಾನೆ. ಆದರೆ ಶುರುವಿನಲ್ಲಿ ಅಷ್ಟೊಂದು ಕೊಚ್ಚಿಕೊಂಡ ಮೇಲೆ, ನಡೆದದ್ದನ್ನೂ ಹೇಳಿಬಿಡುವುದು ನ್ಯಾಯ. ಮುಚ್ಚಳ ಬಿಗಿಯಾಗಿತ್ತು, ಸರಿ. ಪಕ್ಕದಲ್ಲೇ ತಾಜ್‌ಬೀ ಇದ್ದಳು, ಪಾಠ ಹೇಳುವ ಅಕ್ಕೋರಿದ್ದರು. ತೆಗೆದುಕೊಡಿ ಎಂದು ಒಂದು ಮಾತು ಕೇಳಲು ಹುಡುಗಿಗೆ ಏನಾಗಿತ್ತು?

ಅವ್ವ ಹೋದ ಮಾರನೆಯ ಬೆಳಿಗ್ಗೆ, ಮೊದಲ ಬುತ್ತಿಯ ಮುಚ್ಚಳವನ್ನು ಗುದ್ದಿ ಕೂರಿಸಿ, ರುದ್ರ ಸೊಂಟದ ಮೇಲೆ ಕೈಯಿಟ್ಟು ಹುಬ್ಬು ಹಾರಿಸಿದ್ದ. ವಿಲನ್ನಿನ ದನಿ ತೆಗೆದಿದ್ದ. "ಈ ಮುಚ್ಚಳ ಮುಚ್ಚಿದ್ದು ರುದ್ರನ ಕೈ! ಶಾಲೆಯ ಗೇಟಿನ ಒಳಗೆ ಇದನ್ನು ತೆಗೆಯೋ ಹಕ್ಕು ನಿನ್ನೊಬ್ಬಳಿಗೆ! ಬೇರೆ ಯಾವ ಕೈಯಾದರೂ ಇದರ ಮೇಲೆ ಬಿತ್ತೋ, 'ಆಗಲ್ಲ' ಅನ್ನೋ ಮಾತು ನಿನ್ನ ಬಾಯಿಂದ ಬಂತೋ, ನಿಮ್ಮವ್ವ ಬರೋ ಬಸ್ಸು ನಡುದಾರಿಯಲ್ಲೇ ಕೆಟ್ಟು ನಿಲ್ಲುತ್ತೆ! ಅವಳು ಈ ಊರಿನ ಮುಖ ನೋಡಲ್ಲ! ಹ್ಹ ಹ್ಹ ಹ್ಹಾ!" ಆಮೇಲೆ ಕೈ ತೊಳೆದುಕೊಂಡು ಮರೆತ.

ಆ ಸೋಮವಾರ ತಾಜ್‌ಬೀ ಮುಚ್ಚಳದ ಗುಟ್ಟು ಹೇಳಿ ಸುಮ್ಮನಾಗಿರಲಿಲ್ಲ. "ತೆಗೆದು ಕೊಡ್ತೀನಿ ಬಾ ಅಂದ್ರೆ ಓಡಿ ಹೋಗ್ತಾಳಪ್ಪ. ಅಕ್ಕೋರಿಗೂ ಕೊಡಲ್ಲ," ಎಂದೂ ಹೇಳಿದ್ದಳು. ರುದ್ರ ಟವೆಲ್ ಕಿತ್ತು, ಗೇಟು ದಾಟಿ ಓಡಿ, ಡಬ್ಬಿಗೆ ಕೈ ಚಾಚಿದ. ಕಸ್ತೂರಿ ಅದನ್ನು ಹೊಟ್ಟೆಗೆ ಅವಚಿಕೊಂಡು ತಿರುಗಿ ಕೂತಳು.

"ಮುಟ್ಬೇಡಣ್ಣಾ! ಅವ್ವನ ಬಸ್ಸು ಕೆಟ್ಟೋಗ್ತೈತೆ!"

ರುದ್ರ ನಿಂತ. ಬಾಯಿ ತೆರೆದ. ಹದಿನೈದು ಸಲ ನೋಡಿದ ಪಿಕ್ಚರಿನಲ್ಲಿ ಇಲ್ಲಿಗೆ ಹೊಂದುವ ಒಂದು ಮಾತೂ ಇರಲಿಲ್ಲ. ಅವಳ ಎದುರಿಗೆ ಮಣ್ಣಿನಲ್ಲೇ ಕೂತ.

"ಮುಚ್ಚಳ ಮುಟ್ಟಲ್ಲ. ಕೆಳಗಡೆ ಗಟ್ಟಿಯಾಗಿ ಹಿಡ್ಕಂತೀನಿ. ನೀನೇ ತಿರುವು."

"ಕೆಳಗಡೆ ಹಿಡ್ಕಂಡ್ರೆ ಏನಾಗಲ್ವಾ?"

"ಏನಾಗಲ್ಲ."

"ನೀನು ಆವತ್ತು ಹೇಳಿರ್ಲಿಲ್ಲ."

"ಈಗ ಹೇಳ್ತಿದೀನಲ್ಲ."

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ನೆಲಕ್ಕೆ ಒತ್ತಿ ಹಿಡಿದ. ಕಸ್ತೂರಿ ಮಂಡಿಯೂರಿ, ಮೈಭಾರವೆಲ್ಲ ಹಾಕಿ ತಿರುವಿದಳು. ಟಪ್ ಎಂದಿತು. ಬೆಲ್ಲ, ತುಪ್ಪದ ವಾಸನೆ ಬಂತು. ಅವಳು ಚಪಾತಿಯ ಸುರುಳಿ ಎತ್ತಿ ಬಾಯ್ತುಂಬ ಕಚ್ಚಿದಳು. ನುಂಗಿದ ಮೇಲೆ ಹೇಳಿದಳು: "ನಾನು ಯಾರಿಗೂ ಮುಟ್ಟಾಕೆ ಬಿಟ್ಟಿಲ್ಲಣ್ಣಾ. ಒಂದಿನಾನೂ."

ತೆಗೆದಾದ ಮೇಲೆ ಕಸ್ತೂರಿಯೇ ಕೊಟ್ಟ ಮುಚ್ಚಳವನ್ನು ರುದ್ರ ತೊಡೆಯ ಮೇಲಿಟ್ಟುಕೊಂಡ. ಅದರ ಒಳಮೈ ತುಂಬ ಸಣ್ಣ ಸಣ್ಣ ನೀರ ಹನಿ ಕೂತಿದ್ದವು. ಟವೆಲಿನ ತುದಿಯಿಂದ ಒರೆಸಿದ. ಕಸ್ತೂರಿ ಎರಡನೆಯ ಚಪಾತಿ ಎತ್ತಿಕೊಂಡಳು. ಅವನು ಒಣಗಿದ ಮುಚ್ಚಳವನ್ನು ಒರೆಸುತ್ತಲೇ ಇದ್ದ.