ಸೆರಗಿನ ನಡುವಿನ ಸೀಳು

ಯೇವಲೆ ಊರಿನ ಒಂದು ಮಗ್ಗದ ಮುಂದೆ ಇಬ್ಬರು ಹೆಂಗಸರು ಎಂಟು ದಿನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತರು. ಒಂದು ಮಾತೂ ಆಡಲಿಲ್ಲ.

ಪೈಠಣಿ ಸೀರೆಯ ಸೆರಗೇನು ಮುನಿಸಿಕೊಂಡು ನೇಯುವಂಥದ್ದೇ? ಎಡಗಡೆಯ ಅರ್ಧ ದ್ವಾರಕಾಬಾಯಿಯದು, ಬಲಗಡೆಯದು ವತ್ಸಲೆಯದು. ಎರಡೂ ನಡುವೆ ಕೂಡುವಲ್ಲಿ ಹಿರಿಯವಳಾದ ದ್ವಾರಕಾಬಾಯಿ ತನ್ನ ಎಳೆಯನ್ನು ಕೊಂಚ ಸಡಿಲ ಬಿಟ್ಟು ಕೊಡಬೇಕು, ಕಿರಿಯವಳು ಅದರಲ್ಲಿ ತನ್ನದನ್ನು ತೂರಿಸಿ ಹಿಡಿಯಬೇಕು. ಪ್ರತಿ ಸಾಲಿಗೂ ಹೀಗೇ.

ಬಲಗಡೆಯ ಜಾಗದಲ್ಲಿ ಇಪ್ಪತ್ತೆರಡು ವರ್ಷ ಕೂತವಳು ವತ್ಸಲೆಯ ಅತ್ತೆ ಗಂಗೂಬಾಯಿ. ಆಕೆ ತೀರಿಕೊಂಡ ಮೇಲೆ ಅದು ಸೊಸೆಗೆ ಬಂತು. ಅಲ್ಲಿಯವರೆಗೆ ವತ್ಸಲೆ ಮಂಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದಳು. ಬಿಸಿಲು, ಧೂಳು, ಮೇಲೆ ಗುಮಾಸ್ತನ ಹೊಲಸು ಬಾಯಿ. ಒಂದು ಸೆರಗು ಕೆಟ್ಟರೂ ಮಾಲೀಕ ಮಗ್ಗದಿಂದ ಎಬ್ಬಿಸುತ್ತಾನೆ, ಮತ್ತೆ ಆ ಮಂಡಿಯೇ ಗತಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ನಾಲಿಗೆ ಜಾರಿತು. ದ್ವಾರಕಾಬಾಯಿಯೂ ಸಾಮಾನ್ಯದ ಹೆಂಗಸಲ್ಲ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಒಂದೇ ರಾಗ.

"ಗಂಗೂನ ಸೊಸಿ, ಅದೇನು ನವಿಲೋ ಕೋಳಿಯೋ? ಗಂಗೂನ ಕೈ ಹಿಂಗ ಇರಲಿಲ್ಲವ್ವಾ."

ಎಂಟು ತಿಂಗಳು ಇದನ್ನೇ ಕೇಳಿದ ವತ್ಸಲೆ ಒಂದು ಮಧ್ಯಾಹ್ನ ಕೈಯಲ್ಲಿದ್ದ ನೂಲಿನ ಕಂಡಿಕೆ ಬೀಸಾಡಿದಳು. "ಗಂಗೂ ಗಂಗೂ ಅಂತ ಕೇಳಿ ಸಾಕಾಗೇತಿ ಮಾವಶಿ! ಅಷ್ಟು ಬೇಕಾದ್ರ ಸುಡಗಾಡಿಗೆ ಹೋಗಿ ಅವರ ಜೋಡೀನ ಕೂತು ನೇಯ್ರಿ."

ಮುದುಕಿಯ ಮುಖ ಬಿಳಿಚಿಕೊಂಡಿತು. ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಮಧ್ಯಾಹ್ನದ ಭಾಕರಿ ರೊಟ್ಟಿಯ ಗಂಟನ್ನೂ ಬೇರೆ ಬೇರೆ ಬಿಚ್ಚಿದರು. ವತ್ಸಲೆ ತನ್ನ ಅರ್ಧದಿಂದ ಕಣ್ಣೆತ್ತಲಿಲ್ಲ. ನಡುವಿಗೆ ಬಂದ ಕೂಡಲೇ ಎಳೆಯನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಿದ್ದಳು. ಮುದುಕಿ ಕೊಟ್ಟಳೋ ಬಿಟ್ಟಳೋ ನೋಡುವಷ್ಟೂ ತಾಳ್ಮೆ ಇರಲಿಲ್ಲ. ಮಗ್ಗಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಹಾಸುನೂಲಿನ ಮೇಲೆ ಎಲ್ಲವೂ ಒಂದೇ ಬಟ್ಟೆಯಂತೆ ಕಾಣುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ, ನೇಯ್ದದ್ದನ್ನು ಸುತ್ತಲೆಂದು ಹಾಸನ್ನು ಸಡಿಲಿಸಿದಾಗ, ಸೆರಗಿನ ನಟ್ಟನಡುವೆ ಗೇಣುದ್ದದ ಸೀಳು ಬಾಯಿ ತೆರೆಯಿತು. ವತ್ಸಲೆ ಸೀಳಿನ ಎರಡೂ ಅಂಚುಗಳನ್ನು ಬೆರಳಿನಿಂದ ಕೂಡಿಸಿ ಹಿಡಿದಳು. ಶನಿವಾರ ಮಾಲೀಕ ನೋಡಲು ಬರುವವನಿದ್ದ.

"ಹೊಲೀಲೇನು, ಮಾವಶಿ?"

"ಪೈಠಣಿಗೆ ಎರಡೂ ಕಡೆ ಮುಖಾನ. ಹೊಲಿಗಿ ಎಲ್ಲಿ ಮುಚ್ಚಿಡತಿ? ಬಿಚ್ಚು."

ಬಿಚ್ಚುವುದಕ್ಕೂ ಇಬ್ಬರೇ ಬೇಕು. ಒಂದೊಂದೇ ಸಾಲು ಹಿಂದಕ್ಕೆ ಹೋದರು. ಮೂರನೆಯ ಸಾಲಿಗೆ ವತ್ಸಲೆಯ ಕೈ ನಿಂತಿತು. ನಡುವಿನ ಅಂಚಿನಲ್ಲಿ ದ್ವಾರಕಾಬಾಯಿಯ ಎಳೆ ಸಣ್ಣ ಕುಣಿಕೆಯಾಗಿ ಸಡಿಲ ಉಳಿದಿತ್ತು. ಅದರ ಕೆಳಗಿನ ಸಾಲಿನಲ್ಲೂ ಹಾಗೇ, ಅದರ ಕೆಳಗೂ. ಜಗಳವಾದ ಆ ಮಧ್ಯಾಹ್ನದ ಸಾಲಿನವರೆಗೆ ಒಂದನ್ನೂ ಮುದುಕಿ ತಪ್ಪಿಸಿರಲಿಲ್ಲ.

"ನೀವು ಕೊಟ್ಟಿದ್ರಿ," ಎಂದಳು ವತ್ಸಲೆ.

"ಕೊಡೂದು ನನ್ನ ಕೆಲಸ. ನೀ ಹಿಡೀಲಿಲ್ಲ ಅನ್ನೂದು ಕಂಡಿತ್ತು. ಒಂದ್ ಸಲ ಬಾಯಿಬಿಟ್ಟು ಅಂದಿದ್ರ ಮುಗೀತಿತ್ತು. ನನಗೂ ಸೊಕ್ಕು. ನಾಳೆ ಹಿಡದಾಳು, ನಾಳೆ ಹಿಡದಾಳು ಅಂತ ಕುಂತೆ."

"ಅವತ್ತು ನಾ ಹಂಗ ಅನ್ನಬಾರದಿತ್ತು, ಮಾವಶಿ."

"ಅನ್ನಬಾರದಿತ್ತು. ಬಿಚ್ಚು."

ಶನಿವಾರ ಮಾಲೀಕ ಬಂದ. ಬಿಚ್ಚಿದ ಕಡೆ ಖಾಲಿ ಹಾಸು ಕಂಡು ಕಣ್ಣು ಕೆಂಪಗೆ ಮಾಡಿದ. "ಇದು ಯಾರ ಕೆಲಸ?"

ವತ್ಸಲೆ ಎದ್ದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ದ್ವಾರಕಾಬಾಯಿ ಅವಳ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

"ಇಬ್ಬರದೂ. ಎಬ್ಬಿಸೋದಿದ್ರ ಇಬ್ಬರನ್ನೂ ಎಬ್ಬಿಸು. ವತ್ಸಲಾ ಇಲ್ಲದ ಈ ಮಗ್ಗಕ್ಕ ನಾ ಕೂಡಂಗಿಲ್ಲ."

ಅತ್ತೆಯ ಹೆಸರಿಲ್ಲದೆ ಬರೀ ತನ್ನ ಹೆಸರನ್ನು ಆ ಬಾಯಲ್ಲಿ ವತ್ಸಲೆ ಕೇಳಿದ್ದು ಅದೇ ಮೊದಲು. ಮಾಲೀಕ ಗೊಣಗಿಕೊಂಡು ಹದಿನೈದು ದಿನ ಗಡುವು ಕೊಟ್ಟು ಹೋದ.

ಇಬ್ಬರೂ ಮತ್ತೆ ನೇಯತೊಡಗಿದರು. ದ್ವಾರಕಾಬಾಯಿಯ ಬೈಗುಳವೇನೂ ನಿಂತಿಲ್ಲ, ನವಿಲು ಇನ್ನೂ ಕೋಳಿಯೇ. ಆದರೆ ನಡುವಿಗೆ ಬಂದಾಗ ಆಕೆ ಎಳೆ ಸಡಿಲ ಬಿಟ್ಟು, ಪ್ರತಿ ಸಾಲಿಗೂ ಬಾಯಿಬಿಟ್ಟು, "ಹಿಡಿ," ಎನ್ನುತ್ತಾಳೆ. ವತ್ಸಲೆ ಹಿಡಿಯುತ್ತಾಳೆ.